ಊರೂರು ತಿರುಗಿದವರು ಬೆಂಗಳೂರಿಗೆ ಕಿರೀಟ ತಂದರು

ಕಾಲ್ಚೆಂಡಾಟದ ಜಗತ್ತಿನಲ್ಲಿ ಎರಡು ಬಗೆಯ ಆಟಗಾರರಿದ್ದಾರೆ. ಮೊದಲನೆಯವರ ಚಿತ್ರ ಹುಡುಗರ ಕೋಣೆಯ ಗೋಡೆಯ ಮೇಲಿರುತ್ತದೆ. ಎರಡನೆಯವರ ಹೆಸರು ಪಂದ್ಯದ ಮರುದಿನ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದು ಹೋಗುತ್ತದೆ. ಸಂಖ್ಯೆಯಲ್ಲಿ ಈ ಎರಡನೆಯವರೇ ಹೆಚ್ಚು. ಅವರಿಲ್ಲದೆ ಯಾವ ಲೀಗೂ ನಡೆಯದು. ನಮ್ಮ ಕರಾವಳಿಯ ಯಕ್ಷಗಾನ ಕಲಾವಿದರು ಈ ವರ್ಷ ಒಂದು ಮೇಳ, ಬರುವ ವರ್ಷ ಇನ್ನೊಂದು ಮೇಳ ಎಂದು ತಿರುಗಾಟ ನಡೆಸುವಂತೆ ಇವರೂ ಬೂಟಿನ ಚೀಲ ಹೆಗಲಿಗೇರಿಸಿಕೊಂಡು ಕ್ಲಬ್ಬಿನಿಂದ ಕ್ಲಬ್ಬಿಗೆ ಸಾಗುತ್ತಾರೆ. ಮೂವತ್ತೈದರ ಆಸುಪಾಸಿನಲ್ಲಿ ಕಾಲು ಸೋಲುತ್ತದೆ. ಆಮೇಲೇನು?

ಮಗನನ್ನೋ ಮಗಳನ್ನೋ ಮೈದಾನಕ್ಕೆ ಕಳುಹಿಸುವ ಪ್ರತಿಯೊಬ್ಬ ತಂದೆ ತಾಯಿಯ ಮನಸ್ಸಿನಲ್ಲೂ ಈ ಪ್ರಶ್ನೆ ಇದ್ದೇ ಇರುತ್ತದೆ. ತಾರೆಯಾದರೆ ಸರಿ, ಆಗದಿದ್ದರೆ ಹೊಟ್ಟೆಪಾಡು ಹೇಗೆ? ಪುಸ್ತಕ ಬದಿಗಿಟ್ಟು ಚೆಂಡಿನ ಹಿಂದೆ ಓಡಿದ ವರ್ಷಗಳೆಲ್ಲ ನೀರಲ್ಲಿ ಹೋಮವಾದಂತೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಅವರ ವೃತ್ತಿಜೀವನವನ್ನು ಒಮ್ಮೆ ನೋಡಬೇಕು. ಆಟಗಾರರಾಗಿ ಅವರು ತಾರೆಯಾಗಲಿಲ್ಲ, ದೇಶದ ತಂಡದ ಅಂಗಿ ತೊಡಲಿಲ್ಲ. ಆದರೆ 2014ರಲ್ಲಿ ಬೆಂಗಳೂರಿನ ಕ್ಲಬ್ಬೊಂದು ಮೊತ್ತಮೊದಲ ಬಾರಿಗೆ ರಾಷ್ಟ್ರೀಯ ಲೀಗಿನ ಪ್ರಶಸ್ತಿ ಗೆದ್ದಾಗ ಅದರ ಕೋಚ್ ಇವರೇ ಆಗಿದ್ದರು. (ಇದೇ ಹೆಸರಿನ, 1990ರಲ್ಲಿ ಹುಟ್ಟಿದ ಇನ್ನೊಬ್ಬ ಇಂಗ್ಲಿಷ್ ಆಟಗಾರರಿದ್ದಾರೆ. ಬರ್ನ್‌ಲಿ ತಂಡದ ಮಧ್ಯಭಾಗದಲ್ಲಿ ಆಡಿ ಹೆಸರಾದ ಅವರು ಬೇರೆ, ಇವರು ಬೇರೆ.)

ಮುಚ್ಚಿದ ಮೊದಲ ಬಾಗಿಲು

ವೆಸ್ಟ್‌ವುಡ್ ಹುಟ್ಟಿದ್ದು 1976ರ ಆಗಸ್ಟ್ 31ರಂದು, ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತ್ಯದ ಬ್ರಿಜ್‌ನಾರ್ತ್ ಎಂಬ ಪುಟ್ಟ ಪಟ್ಟಣದಲ್ಲಿ. ಹದಿಹರೆಯದಲ್ಲಿ ಅವರಿಗೆ ದೊರೆತದ್ದು ಯಾವ ಹುಡುಗನೂ ಕನಸು ಕಾಣುವ ವಿಳಾಸ: ಮ್ಯಾಂಚೆಸ್ಟರ್ ಯುನೈಟೆಡ್. ಅಲೆಕ್ಸ್ ಫರ್ಗ್ಯುಸನ್ ಅವರ ಆ ಕ್ಲಬ್ಬಿನ ಯುವ ತಂಡ ಆಗ ಇಡೀ ಇಂಗ್ಲೆಂಡಿಗೇ ಹೆಸರಾಗಿತ್ತು. 1992ರಲ್ಲಿ ಎಫ್.ಎ. ಯೂತ್ ಕಪ್ ಗೆದ್ದ ಹುಡುಗರಲ್ಲಿ ರಯಾನ್ ಗಿಗ್ಸ್, ಡೇವಿಡ್ ಬೆಕಂ, ನಿಕಿ ಬಟ್, ಗ್ಯಾರಿ ನೆವಿಲ್ ಇದ್ದರು. ಮೂರು ವರ್ಷಗಳ ನಂತರ, 1995ರಲ್ಲಿ, ಯುನೈಟೆಡ್ ಮತ್ತೆ ಅದೇ ಕಪ್ ಗೆದ್ದಿತು. ಟಾಟನ್‌ಹ್ಯಾಮ್ ವಿರುದ್ಧದ ಫೈನಲ್ ಪೆನಾಲ್ಟಿ ಒದೆತದಲ್ಲಿ ಇತ್ಯರ್ಥವಾಯಿತು. ಆ ಗೆದ್ದ ತಂಡದ ರಕ್ಷಣಾ ಸಾಲಿನಲ್ಲಿ ವೆಸ್ಟ್‌ವುಡ್ ಇದ್ದರು.

ಆ ದಿನಗಳಲ್ಲಿ ಇಂಗ್ಲಿಷ್ ಕ್ಲಬ್ಬುಗಳಲ್ಲಿ ತರಬೇತಿಗೆ ಸೇರಿದ ಹುಡುಗರ ಬದುಕು ನಾವು ಊಹಿಸುವಷ್ಟು ಬೆಡಗಿನದಲ್ಲ. ವಾರಕ್ಕೊಮ್ಮೆ ಸಣ್ಣ ಭತ್ಯೆ ಸಿಗುತ್ತಿತ್ತು. ಹಿರಿಯ ಆಟಗಾರರ ಬೂಟು ಒರೆಸುವುದು, ಬಟ್ಟೆ ಬದಲಿಸುವ ಕೋಣೆ ಗುಡಿಸುವುದು ತರಬೇತಿಯ ಭಾಗವೇ ಆಗಿತ್ತು. ಹದಿನೆಂಟು ಹತ್ತೊಂಬತ್ತರ ವಯಸ್ಸಿಗೆ ಕ್ಲಬ್ಬು ತೀರ್ಪು ಕೊಡುತ್ತಿತ್ತು: ಉಳಿಯುವವರು ಇವರು, ಹೊರಡುವವರು ಇವರು. ನಮ್ಮ ದ್ವಿತೀಯ ಪಿಯುಸಿ ಫಲಿತಾಂಶದ ಬೆಳಗಿನ ದುಗುಡವನ್ನು ನೆನೆದರೆ ಆ ಹುಡುಗರ ಎದೆಬಡಿತ ಅರ್ಥವಾದೀತು. ವ್ಯತ್ಯಾಸವೆಂದರೆ ಅಲ್ಲಿ ಪೂರಕ ಪರೀಕ್ಷೆ ಇರಲಿಲ್ಲ.

1995ರ ಆ ತಂಡದಿಂದ ಯುನೈಟೆಡ್‌ನ ಮುಖ್ಯ ತಂಡದಲ್ಲಿ ವರ್ಷಗಟ್ಟಲೆ ನೆಲೆನಿಂತವರು ಫಿಲ್ ನೆವಿಲ್ ಒಬ್ಬರೇ ಎನ್ನಬಹುದು. ಕಪ್ ಗೆದ್ದವರ ಕಥೆಯೇ ಹೀಗಾದರೆ ಸೋತವರ ಗತಿ ಏನು? ವೆಸ್ಟ್‌ವುಡ್ ಮುಖ್ಯ ತಂಡಕ್ಕೆ ಒಂದೇ ಒಂದು ಪಂದ್ಯವನ್ನೂ ಆಡದೆ ಅದೇ ವರ್ಷ ಗಂಟು ಕಟ್ಟಿದರು.

ತೊಂಬತ್ತೆರಡು ಮೆಟ್ಟಿಲ ಏಣಿ

ಇಲ್ಲಿ ಇಂಗ್ಲಿಷ್ ಕಾಲ್ಚೆಂಡಾಟದ ಏರ್ಪಾಡನ್ನು ಸ್ವಲ್ಪ ತಿಳಿಯಬೇಕು. ಮೇಲ್ತುದಿಯಲ್ಲಿ 20 ಕ್ಲಬ್ಬುಗಳ ಪ್ರೀಮಿಯರ್ ಲೀಗ್. ಅದರ ಕೆಳಗೆ ತಲಾ 24 ಕ್ಲಬ್ಬುಗಳ ಮೂರು ದರ್ಜೆಗಳು. ಒಟ್ಟು 92 ಕ್ಲಬ್ಬುಗಳು. ಅದಕ್ಕೂ ಕೆಳಗೆ ಅರೆವೃತ್ತಿಪರ ಲೀಗುಗಳ ಸಾಲೇ ಇದೆ. ಚೆನ್ನಾಗಿ ಆಡಿದ ತಂಡ ವರ್ಷದ ಕೊನೆಗೆ ಮೇಲೇರುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ಮೇ ತಿಂಗಳು ಬಂತೆಂದರೆ ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ಪಟ್ಟಿಯನ್ನು ಕ್ಲಬ್ಬುಗಳು ಪ್ರಕಟಿಸುತ್ತವೆ. ಜೂನ್ 30ಕ್ಕೆ ಒಪ್ಪಂದ ಮುಗಿಯುತ್ತದೆ. ಮದುವೆಯಾಗಿ, ಮಕ್ಕಳಾಗಿ, ಮನೆ ಸಾಲ ಮಾಡಿಕೊಂಡ ಆಟಗಾರನೂ ಹೊಸ ಕ್ಲಬ್ಬು ಹುಡುಕಬೇಕು, ಹೊಸ ಊರಿಗೆ ಸಾಮಾನು ಸಾಗಿಸಬೇಕು, ಮಕ್ಕಳ ಶಾಲೆ ಬದಲಿಸಬೇಕು.

ವೆಸ್ಟ್‌ವುಡ್ ಮೊದಲು ಹೋದದ್ದು ಕ್ರೂ ಅಲೆಕ್ಸಾಂಡ್ರಾ ಎಂಬ ಚಿಕ್ಕ ಕ್ಲಬ್ಬಿಗೆ. ರೈಲ್ವೆ ಜಂಕ್ಷನ್ನಿಗೆ ಹೆಸರಾದ ಊರು ಅದು. ಅಲ್ಲಿ ಮೂರು ವರ್ಷ ಆಡಿದರು. ಆ ಅವಧಿಯಲ್ಲಿ, 1997ರಲ್ಲಿ, ಕ್ಲಬ್ಬು ಮೂರನೆಯ ದರ್ಜೆಯಿಂದ ಎರಡನೆಯದಕ್ಕೆ ಏರಿತು. 1998ರಲ್ಲಿ ಬ್ರಾಡ್‌ಫರ್ಡ್ ಸಿಟಿ ಅವರನ್ನು ಕರೆದುಕೊಂಡಿತು. ಮರುವರ್ಷವೇ ಆ ಕ್ಲಬ್ಬು 77 ವರ್ಷಗಳ ನಂತರ ಮತ್ತೆ ಅತ್ಯುನ್ನತ ದರ್ಜೆಗೆ ಮರಳಿ ಸುದ್ದಿ ಮಾಡಿತು. ಹೀಗೆ, ಯುನೈಟೆಡ್ ಮುಚ್ಚಿದ ಪ್ರೀಮಿಯರ್ ಲೀಗಿನ ಬಾಗಿಲನ್ನು ವೆಸ್ಟ್‌ವುಡ್ ಬೇರೊಂದು ದಾರಿಯಿಂದ ತಲುಪಿದರು. ಆದರೆ ಅಲ್ಲಿ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು ಮಾತ್ರ.

2000ದಲ್ಲಿ ಶೆಫೀಲ್ಡ್ ವೆನ್ಸ್‌ಡೇ. ಒಂದು ಕಾಲದ ದೊಡ್ಡ ಮನೆತನ, ಆಗ ಇಳಿಜಾರಿನಲ್ಲಿತ್ತು. 2003ರಲ್ಲಿ ಅದು ಮೂರನೆಯ ದರ್ಜೆಗೆ ಕುಸಿದಾಗ ವೆಸ್ಟ್‌ವುಡ್ ಅವರ ಕಾಲವೂ ಅಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ನಾರ್ತಾಂಪ್ಟನ್, ಚೆಸ್ಟರ್, ಸ್ವಿಂಡನ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್, ಕೆಟರಿಂಗ್... ಮೇಲಿನಿಂದ ಐದನೆಯ ದರ್ಜೆಯವರೆಗೂ ಅವರು ಆಡದ ಮೆಟ್ಟಿಲಿಲ್ಲ. ಏರುವ ತಂಡದಲ್ಲೂ ಇದ್ದರು, ಇಳಿಯುವ ತಂಡದಲ್ಲೂ ಇದ್ದರು.

ತಿರುಗಾಟವೇ ಪಾಠಶಾಲೆ

ಹೊರಗಿನಿಂದ ನೋಡಿದವರಿಗೆ ಇದು ನಿಧಾನವಾಗಿ ಕೆಳಗಿಳಿದ ಬದುಕಿನಂತೆ ಕಾಣಬಹುದು. ಆದರೆ ಇನ್ನೊಂದು ಬಗೆಯಿಂದಲೂ ಲೆಕ್ಕ ಹಾಕಬಹುದು. ಒಂದೇ ಕ್ಲಬ್ಬಿನಲ್ಲಿ ಒಬ್ಬರೇ ಕೋಚ್ ಕೈಕೆಳಗೆ ಹದಿನೈದು ವರ್ಷ ಆಡಿದವನಿಗೆ ಗೊತ್ತಿರುವುದು ಒಂದು ಮನೆಯ ಅಡುಗೆ. ಹತ್ತು ಕ್ಲಬ್ಬು ಸುತ್ತಿದವನು ಹತ್ತು ಮನೆಯ ಅಡುಗೆ ಉಂಡಿರುತ್ತಾನೆ. ಯಾವ ಕೋಚ್ ಹೇಗೆ ತಂಡ ಕಟ್ಟಿದರು, ಯಾರು ಸೋಲಿನ ನಂತರ ಹುಡುಗರನ್ನು ಹೇಗೆ ಮಾತನಾಡಿಸಿದರು, ಹಣವಿಲ್ಲದ ಕ್ಲಬ್ಬು ಹೇಗೆ ದಿನ ದೂಡುತ್ತದೆ, ತಂಡದಿಂದ ಹೊರಗುಳಿದ ಆಟಗಾರನ ಮುಖ ಹೇಗಿರುತ್ತದೆ ಎಂಬುದೆಲ್ಲ ಅವನಿಗೆ ಅನುಭವದಿಂದ ಗೊತ್ತು. ಆಟ ಸಹಜವಾಗಿ ಒಲಿದ ತಾರೆ, ಅದನ್ನು ತಾನು ಹೇಗೆ ಮಾಡಿದೆ ಎಂದು ಎಷ್ಟೋ ವೇಳೆ ವಿವರಿಸಲಾರ. ಕಷ್ಟಪಟ್ಟು ಕಲಿತವನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡಬಲ್ಲ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರೆಲ್ಲ ಒಳ್ಳೆಯ ಗಣಿತ ಮೇಷ್ಟ್ರಾಗುವುದಿಲ್ಲವಷ್ಟೆ!

ಇದಕ್ಕೆ ಹೆಸರಾಂತ ಉದಾಹರಣೆ ಜರ್ಮನಿಯ ಯೂರ್ಗನ್ ಕ್ಲಾಪ್. ಆಟಗಾರರಾಗಿ ಅವರು ಮೈನ್ಜ್ ಎಂಬ ಎರಡನೆಯ ದರ್ಜೆಯ ಕ್ಲಬ್ಬಿನಲ್ಲೇ ಹನ್ನೊಂದು ವರ್ಷ ಕಳೆದವರು. ಆಡುತ್ತಲೇ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಓದಿ 1995ರಲ್ಲಿ ಪದವಿ ಪಡೆದರು. 2001ರಲ್ಲಿ ಅದೇ ಮೈನ್ಜ್ ಅವರನ್ನು ಕೋಚ್ ಆಗಿ ನೇಮಿಸಿತು. ಅವರು 2019ರಲ್ಲಿ ಲಿವರ್‌ಪೂಲ್‌ಗೆ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟದ್ದು ಈಗ ಇತಿಹಾಸ.

ಆದರೆ ಅನುಭವ ಒಂದೇ ಸಾಲದು. ಯುರೋಪಿನಲ್ಲಿ ಕೋಚ್ ಆಗಲು ಬಿ, ಎ, ಪ್ರೊ ಎಂದು ಮೆಟ್ಟಿಲು ಮೆಟ್ಟಿಲಾಗಿ ಪರವಾನಗಿ ಪರೀಕ್ಷೆ ಮುಗಿಸಬೇಕು. ಪಾಠ ಕೇಳಬೇಕು, ಬರೆಯಬೇಕು, ಮೈದಾನದಲ್ಲಿ ಹೇಳಿಕೊಟ್ಟು ತೋರಿಸಬೇಕು. ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘ 1907ರಷ್ಟು ಹಳೆಯದು. ಸದಸ್ಯರು ಆಡುತ್ತಿರುವಾಗಲೇ ಮುಂದಿನ ಓದಿಗೆ, ತರಬೇತಿ ಕೋರ್ಸುಗಳಿಗೆ ಅದು ನೆರವಾಗುತ್ತದೆ. ಕಾಲು ಗಟ್ಟಿಯಿರುವಾಗಲೇ ಎರಡನೆಯ ವೃತ್ತಿಗೆ ಅಡಿಪಾಯ ಹಾಕಿಕೊಂಡವರು ಬಚಾವಾಗುತ್ತಾರೆ. ವೆಸ್ಟ್‌ವುಡ್ ಕೂಡ ಆಟದ ಕೊನೆಯ ವರ್ಷಗಳಲ್ಲಿ ತರಬೇತಿಯ ಕಡೆ ಹೊರಳಿದರು.

ಅಲ್ಲಿಯೂ ಹೂವಿನ ಹಾಸಿಗೆ ಇರಲಿಲ್ಲ. ಯುನೈಟೆಡ್‌ನ ಯುವ ತಂಡದಲ್ಲೇ ಬೆಳೆದಿದ್ದ ಮೈಕೆಲ್ ಆಪಲ್ಟನ್ ಅವರೊಂದಿಗೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಕ್ಲಬ್ಬುಗಳಲ್ಲಿ ಅವರು ಕೆಲಸ ಮಾಡಿದರು. ಪೋರ್ಟ್ಸ್‌ಮತ್ ಸಾಲದ ಹೊರೆಯಲ್ಲಿ ಮುಳುಗಿ 2012ರಲ್ಲಿ ಆಡಳಿತಾಧಿಕಾರಿಯ ಕೈಗೆ ಹೋಯಿತು. ಬ್ಲ್ಯಾಕ್‌ಬರ್ನ್ 2013ರ ಮಾರ್ಚ್‌ನಲ್ಲಿ ಆಪಲ್ಟನ್ ಅವರನ್ನು ಕೇವಲ 67 ದಿನಗಳಲ್ಲಿ ಮನೆಗೆ ಕಳುಹಿಸಿತು. ವೆಸ್ಟ್‌ವುಡ್ ಮತ್ತೆ ಬೀದಿಯಲ್ಲಿ ನಿಂತರು. ಆಗ ಬಂದದ್ದು ಬೆಂಗಳೂರಿನ ಕರೆ.

ಹೊಸ ತಂಡ, ಹೊಸ ಶಿಸ್ತು

ಬೆಂಗಳೂರಿಗೆ ಕಾಲ್ಚೆಂಡು ಹೊಸದಲ್ಲ. ಮೈಸೂರು ರಾಜ್ಯ ತಂಡ 1946–47ರಿಂದ 1968–69ರ ನಡುವೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆಸ್ಟಿನ್ ಟೌನ್, ಗೌತಮಪುರದ ಓಣಿಗಳು ದೇಶಕ್ಕೆ ಆಟಗಾರರನ್ನು ಕೊಟ್ಟಿದ್ದವು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಒಳ್ಳೆಯ ಆಟಗಾರನಿಗೆ ಕೆಲಸ ಕೊಟ್ಟು ಸಾಕಿದ್ದವು. ಆದರೆ 2012ರಲ್ಲಿ ಎಚ್‌ಎಎಲ್ ಐ–ಲೀಗ್‌ನಿಂದ ಕೆಳಗಿಳಿದ ಮೇಲೆ ದೇಶದ ಅಗ್ರ ಲೀಗಿನಲ್ಲಿ ನಗರದ ತಂಡವೇ ಇಲ್ಲದಂತಾಗಿತ್ತು.

2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಕೋಚ್ ಹುದ್ದೆಗೆ ಆರಿಸಿದ್ದು 36ರ ವೆಸ್ಟ್‌ವುಡ್ ಅವರನ್ನು. ಮುಖ್ಯ ಕೋಚ್ ಆಗಿ ಇಷ್ಟು ದೊಡ್ಡ ಹೊಣೆ ಅವರಿಗೆ ಮೊದಲನೆಯದು. ಕೈಯಲ್ಲಿ ತಂಡವಿರಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ಕಟ್ಟಬೇಕಿತ್ತು. ಸುನಿಲ್ ಚೆಟ್ರಿ ನಾಯಕರಾದರು. ವಿದೇಶಿ ಆಟಗಾರರ ಆಯ್ಕೆಯಲ್ಲಿ ವೆಸ್ಟ್‌ವುಡ್ ದೊಡ್ಡ ಹೆಸರುಗಳ ಬೆನ್ನು ಹತ್ತಲಿಲ್ಲ. ರಕ್ಷಣೆಗೆ ಕರೆತಂದ ಜಾನ್ ಜಾನ್ಸನ್ ಮತ್ತು ಕೆನ್ಯಾದ ಕರ್ಟಿಸ್ ಒಸಾನೊ ಇಬ್ಬರೂ ಇಂಗ್ಲೆಂಡಿನ ಕೆಳ ದರ್ಜೆಗಳಲ್ಲಿ ಬೆವರು ಸುರಿಸಿದವರು. ತನ್ನಂಥವರ ಬೆಲೆ ಅವರಿಗೆ ಗೊತ್ತಿತ್ತು!

ದೇಹದಾರ್ಢ್ಯಕ್ಕೆ ಕೊಟ್ಟ ಒತ್ತು ಆ ತಂಡದ ಗುರುತಾಯಿತು. ತರಬೇತಿಯ ಓಟ ಎಷ್ಟೋ, ಊಟದ ತಟ್ಟೆಯಲ್ಲಿ ಏನಿದೆ ಎಂಬುದೂ ಅಷ್ಟೇ ಮುಖ್ಯವಾಯಿತು. ತೂಕ, ವಿಶ್ರಾಂತಿ ಎಲ್ಲಕ್ಕೂ ಲೆಕ್ಕ ಬಂತು. ಪ್ರತಿಭೆಯೊಂದನ್ನೇ ನಂಬಿ ಕೂರುವಂತಿಲ್ಲ ಎಂಬುದು ಹದಿನೆಂಟರಲ್ಲೇ ತಿರಸ್ಕಾರ ಕಂಡವರಿಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹೊಸ ತಂಡ ಮೊದಲ ಪಂದ್ಯ ಆಡಿ ಮೋಹನ್ ಬಾಗನ್ ಜತೆ 1–1ರಿಂದ ಸಮ ಮಾಡಿಕೊಂಡಿತು. ಏಳು ತಿಂಗಳ ನಂತರ, 2014ರ ಏಪ್ರಿಲ್ 21ರಂದು, ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಇನ್ನೂ ಒಂದು ಪಂದ್ಯ ಉಳಿದಿರುವಾಗಲೇ ಲೀಗ್ ಗೆದ್ದುಕೊಂಡಿತು. 24 ಪಂದ್ಯ, 14 ಗೆಲುವು, 47 ಅಂಕ. ಕಾಲಿಟ್ಟ ವರ್ಷವೇ ಐ–ಲೀಗ್ ಗೆದ್ದ ಮೊದಲ ಕ್ಲಬ್ಬು ಅದು. 2015ರ ಜನವರಿಯಲ್ಲಿ ಅದೇ ಡೆಂಪೊವನ್ನು 2–1ರಿಂದ ಮಣಿಸಿ ಫೆಡರೇಷನ್ ಕಪ್ಪನ್ನೂ ಮನೆಗೆ ತಂದಿತು.

ಕೈತಪ್ಪಿದ ಮೂರು ನಿಮಿಷ

ಗೆಲುವಿನ ಮಾತಷ್ಟೇ ಹೇಳಿದರೆ ಕಥೆ ಅರ್ಧವಾದೀತು. 2015ರ ಮೇ 31. ಕಂಠೀರವ ಕ್ರೀಡಾಂಗಣದಲ್ಲಿ ಲೀಗಿನ ಕೊನೆಯ ದಿನ. ಎದುರಾಳಿ ಮತ್ತೆ ಮೋಹನ್ ಬಾಗನ್. ಬಾಗನ್‌ಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. ಮೊದಲಾರ್ಧದಲ್ಲಿ ಜಾನ್ಸನ್ ಗೋಲು ಹೊಡೆದರು. ಮಳೆಯಲ್ಲಿ ತೊಯ್ದ ಸಂಜೆ, ಗ್ಯಾಲರಿಯಲ್ಲಿ ಹಬ್ಬ. 87ನೆಯ ನಿಮಿಷದಲ್ಲಿ ಬಾಗನ್‌ನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ನೂಕಿದರು. 1–1. ಮೂರು ನಿಮಿಷ ತಡೆದಿದ್ದರೆ ಬೆಂಗಳೂರಿನದಾಗಬೇಕಿದ್ದ ಪ್ರಶಸ್ತಿ ಕೋಲ್ಕತ್ತದ ರೈಲು ಹತ್ತಿತು.

ಅಂಥ ಸೋಲು ಒಂದು ತಂಡವನ್ನು ಮುರಿದುಹಾಕಬಹುದು. ಆದರೆ ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2–0ಯಿಂದ ಸೋಲಿಸಿ ಬೆಂಗಳೂರು ಮತ್ತೆ ಚಾಂಪಿಯನ್ ಆಯಿತು. ಮೂರು ವರ್ಷದಲ್ಲಿ ಎರಡು ಲೀಗ್, ಒಂದು ಕಪ್. ಹತ್ತಾರು ಸಲ ಹೊಸದಾಗಿ ಆರಂಭಿಸಿದವರ ಕೈಯಲ್ಲಿ ತಂಡವಿದ್ದದ್ದು ಇಲ್ಲಿ ನೆರವಿಗೆ ಬಂದಿರಬೇಕು. ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ವೆಸ್ಟ್‌ವುಡ್ ಬೆಂಗಳೂರು ಬಿಟ್ಟರು. ಅವರ ನಂತರ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಅದೇ ತಂಡವನ್ನು 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ.

ಮತ್ತೆ ತಿರುಗಾಟ

ಮುಂದಿನ ದಾರಿ ಮತ್ತೆ ಏರುತಗ್ಗಿನದೇ. 2017ರಲ್ಲಿ ಮಲೇಷ್ಯಾದ ಪೆನಾಂಗ್ ತಂಡದಲ್ಲಿ ವೆಸ್ಟ್‌ವುಡ್ ಹೆಚ್ಚು ದಿನ ನಿಲ್ಲಲಿಲ್ಲ. 2018ರ ಜನವರಿಯಲ್ಲಿ ಕೋಲ್ಕತ್ತದ ಎಟಿಕೆ ತಂಡ ತನ್ನ ಕೋಚ್ ಟೆಡಿ ಶೆರಿಂಗ್‌ಹ್ಯಾಮ್ ಅವರನ್ನು ಕೈಬಿಟ್ಟು ವೆಸ್ಟ್‌ವುಡ್ ಅವರಿಗೆ ಹೊಣೆ ಒಪ್ಪಿಸಿತು. ಶೆರಿಂಗ್‌ಹ್ಯಾಮ್ ಎಂದರೆ 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಗೋಲು ಹೊಡೆದ ತಾರೆ. ತಾರೆಯಿಂದಾಗದ್ದು ತಿರುಗಾಲಿನ ಆಟಗಾರನಿಂದ ಆಯಿತು ಎಂದು ಬರೆಯಲು ಚೆಂದ, ಆದರೆ ಹಾಗಾಗಲಿಲ್ಲ. ಮಾರ್ಚ್ ಹೊತ್ತಿಗೆ ಅವರೂ ಹೊರನಡೆದರು. ಕೋಚ್ ಕೆಲಸಕ್ಕೆ ಪಿಂಚಣಿಯ ಭರವಸೆ ಇಲ್ಲ.

2023ರ ನವೆಂಬರ್‌ನಲ್ಲಿ ಅವರು ಒಪ್ಪಿಕೊಂಡದ್ದು ಅಫ್ಘಾನಿಸ್ತಾನ ತಂಡವನ್ನು. ಹಲವು ಹಿರಿಯ ಆಟಗಾರರು ತಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಜತೆ ಮುನಿಸಿಕೊಂಡು ದೂರವಿದ್ದರು. ತವರಿನ ಪಂದ್ಯಗಳನ್ನೂ ಪರದೇಶದಲ್ಲಿ ಆಡಬೇಕಿತ್ತು. ಅಂಥ ತಂಡ 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಭಾರತವನ್ನು 2–1ರಿಂದ ಸೋಲಿಸಿತು. ಚೆಟ್ರಿ ಅವರಿಗೆ ಅದು 150ನೆಯ ಅಂತರರಾಷ್ಟ್ರೀಯ ಪಂದ್ಯ. ಭಾರತದ ಏಕೈಕ ಗೋಲು ಅವರದೇ. ಎದುರಾಳಿ ತಂಡದ ಕೋಚ್ ಮಾತ್ರ ಅವರ ಹಳೆಯ ಗುರು.

2024ರಲ್ಲೇ ವೆಸ್ಟ್‌ವುಡ್ ಹಾಂಗ್‌ಕಾಂಗ್ ತಂಡದ ಕೋಚ್ ಆದರು. 2025ರ ಜೂನ್ 10ರಂದು ಆ ತಂಡವೂ ಹೆಚ್ಚುವರಿ ಸಮಯದ ಪೆನಾಲ್ಟಿಯಿಂದ ಭಾರತವನ್ನು 1–0ಯಿಂದ ಮಣಿಸಿತು. ಭಾರತದ ಆಟಗಾರರನ್ನು ಹತ್ತಿರದಿಂದ ಬಲ್ಲ ಕೋಚ್ ಎದುರಿಗೆ ನಿಂತರೆ ಏನಾದೀತು ಎಂಬುದಕ್ಕೆ ಹದಿನೈದು ತಿಂಗಳಲ್ಲಿ ಎರಡು ಸಾಕ್ಷ್ಯ ಸಿಕ್ಕಂತಾಯಿತು.

ನಮ್ಮ ಮಕ್ಕಳಿಗೆ ದಾರಿ

ವಿದ್ಯಾರ್ಥಿಗಳು ಮತ್ತು ಪೋಷಕರು ಇದರಿಂದ ತಿಳಿಯಬೇಕಾದದ್ದು ಆಟ ಆಡಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಹದಿನೆಂಟನೆಯ ವಯಸ್ಸಿನ ತೀರ್ಪು ಕೊನೆಯ ತೀರ್ಪಲ್ಲ ಎಂಬುದು ಒಂದು. ಆಟದ ಜತೆಗೇ ಇನ್ನೊಂದು ವಿದ್ಯೆಯನ್ನೂ ಬೆಳೆಸಿಕೊಳ್ಳಬೇಕು ಎಂಬುದು ಎರಡು.

ನಮ್ಮಲ್ಲೂ ಈಗ ದಾರಿಗಳಿವೆ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಪದ್ಧತಿಯಂತೆ ಭಾರತದಲ್ಲೂ ಡಿ, ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳ ತರಬೇತುದಾರರ ಕೋರ್ಸುಗಳಿವೆ. ಡಿ ಮೊದಲ ಮೆಟ್ಟಿಲು. ಅದಕ್ಕೆ ದೇಶದ ತಂಡದಲ್ಲಿ ಆಡಿರಬೇಕೆಂಬ ನಿಯಮವಿಲ್ಲ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಕೋಚ್‌ಗಳನ್ನು ತಯಾರು ಮಾಡುತ್ತಿದೆ. ಕೋಚ್ ಹುದ್ದೆಯ ಹೊರತಾಗಿ ರೆಫರಿ, ಫಿಸಿಯೊಥೆರಪಿ, ಆಹಾರ ತಜ್ಞತೆ, ಪಂದ್ಯದ ವಿಡಿಯೊ ವಿಶ್ಲೇಷಣೆ ಹೀಗೆ ಮೈದಾನದ ಸುತ್ತ ಹಲವು ಕೆಲಸಗಳು ಹುಟ್ಟಿಕೊಂಡಿವೆ. ಇವೆಲ್ಲಕ್ಕೂ ಜೀವಶಾಸ್ತ್ರ ಬೇಕು, ಲೆಕ್ಕ ಬೇಕು, ನೆಟ್ಟಗೆ ನಾಲ್ಕು ಮಾತು ಬರೆಯಲು ಬರಬೇಕು. ಅಂದರೆ ಮೈದಾನಕ್ಕೆ ಹೋಗುವ ಹುಡುಗ ಶಾಲೆಯ ಪುಸ್ತಕವನ್ನು ಎಸೆಯುವಂತಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ಹುಡುಗರೆಲ್ಲ ಚೆಟ್ರಿ ಆಗಲಾರರು. ಆಗಬೇಕಾಗಿಯೂ ಇಲ್ಲ. ಅವರಲ್ಲಿ ನಾಲ್ವರು ನಾಳೆ ತಮ್ಮ ಊರಿನ ಶಾಲೆಯಲ್ಲಿ, ಬಡಾವಣೆಯ ಮೈದಾನದಲ್ಲಿ ಸೀಟಿ ಹಿಡಿದು ನಿಂತರೆ ಆಡಿದ ವರ್ಷಗಳು ವ್ಯರ್ಥವಾಗುವುದಿಲ್ಲ. ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದ ದಿನ ಮಗ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ "ಇನ್ನು ಆಟ ಸಾಕು" ಎಂದು ಬೂಟನ್ನು ಅಟ್ಟಕ್ಕೆ ಎಸೆಯುವ ಮೊದಲು, ಈ ವರ್ಷ ಏನೇನು ಕಲಿತೆ ಎಂದು ಕೂರಿಸಿಕೊಂಡು ಕೇಳುವುದು ಒಳ್ಳೆಯದು.